ಕಿಡ್ನಿ ಸೋತವರಿಗೆ ಎಳನೀರು ಕೊಡಬಹುದಾ?

ಪ್ರಶ್ನೆ: ತಂದೆಗೆ ಹದಿನೈದು ವರ್ಷದಿಂದ ಶುಗರ್ ಇದೆ. ಈಗ ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೊರಗೆ ಹಾಕಬೇಕಾದ ಕಸ) 3.1 ಬಂದಿದೆ. ಕಿಡ್ನಿಗೆ ತಂಪು ಅಂತ ದಿನಾ ಎಳನೀರು ಕೊಡುತ್ತಿದ್ದೇವೆ. ಸರಿಯೇ?

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ರಕ್ತದ ಪೊಟ್ಯಾಸಿಯಂ ರಿಪೋರ್ಟ್ ನೋಡಿ ಡಾಕ್ಟರು ಕೊಡಿ ಅನ್ನುವ ತನಕ ಬೇಡ. ಪ್ರೀತಿಯಿಂದಲೇ ಕೊಡುತ್ತಿದ್ದೀರಿ, ಗೊತ್ತು. ಆದರೆ ಎಳನೀರಿನ ಸಲಹೆ ಕಿಡ್ನಿಯಲ್ಲಿ ಕಲ್ಲಾದವರಿಗೆ ಕೊಡುವಂಥದ್ದು. ಕಲ್ಲು ಬೇರೆ, ಕಿಡ್ನಿಯ ಶಕ್ತಿಯೇ ಕುಗ್ಗುವುದು ಬೇರೆ.

ಒಂದು ಲೋಟ ಎಳನೀರಿನಲ್ಲಿ ಸುಮಾರು 400ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಚೆನ್ನಾಗಿರುವ ಕಿಡ್ನಿ ಜಾಸ್ತಿಯಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸೋತ ಕಿಡ್ನಿಯ ಕೈಲಿ ಅದು ಆಗುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಒಳಗಿರಬೇಕು. 6 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಎಷ್ಟೋ ಸಲ ಮೊದಲೇ ಏನೂ ಗೊತ್ತಾಗುವುದಿಲ್ಲ.

ಕಿಡ್ನಿ ಕೆಡಲು ಮುಖ್ಯ ಕಾರಣ ಹತೋಟಿ ತಪ್ಪಿದ ಶುಗರ್, ಜೊತೆಗೆ ಬಿಪಿ. ಮಂಡಿನೋವಿಗೆ ಅಂತ ಅಂಗಡಿಯಿಂದ ತಂದು ಸುಮ್ನೆ ನುಂಗುವ ಡೈಕ್ಲೋಫೆನಾಕ್ ಥರದ ಮಾತ್ರೆಗಳೂ ಕೆಡಿಸುತ್ತವೆ. ತಂದೆಯವರು ಅದನ್ನು ತಗೊಳ್ಳುತ್ತಿದ್ದಾರಾ, ಕೇಳಿ ನೋಡಿ.

ಇನ್ನು ಊಟ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ. ಪೊಟ್ಯಾಸಿಯಂ ಒಂದಷ್ಟು ಅದರ ಜೊತೆ ಹೋಗುತ್ತದೆ. ನಮ್ಮ ಬಸ್ಸಾರಿನಲ್ಲಿ ಆಗುವುದು ಇದರ ಉಲ್ಟಾ ಅಲ್ವಾ? ಸೊಪ್ಪು, ಕಾಳು ಬಸಿದ ಕಟ್ಟಿನಲ್ಲೇ ಸಾರು ಮಾಡುತ್ತೇವೆ. ಹಾಗಾಗಿ ತಂದೆಗೆ ಪಲ್ಯ ಸ್ವಲ್ಪ ಬಡಿಸಿ, ಸಾರು ಬೇಡ. ಬಾಳೆಹಣ್ಣಿನ ಬದಲು ಸೇಬಿನ ಒಂದೆರಡು ಹೋಳು ಕೊಡಬಹುದು. ಧಾರೆಹುಳಿ (ಸ್ಟಾರ್ ಫ್ರೂಟ್) ಮಾತ್ರ ಮುಟ್ಟಲೇಬಾರದು. ಅದರ ವಿಷ ಇಂಥವರ ಮೆದುಳಿಗೇ ಏರುತ್ತದೆ.

ದಿನಕ್ಕೆ ಎಲ್ಲಾ ಸೇರಿ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರಲ್ಲೇ ಬಂತು. ಬಿಪಿಗೆ ಒಳ್ಳೆಯದು ಅಂತ ಮಾರುವ ಲೋ ಸೋಡಿಯಂ ಉಪ್ಪು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಮ್ಮೇ.

ಬೇಳೆ, ಮೊಟ್ಟೆಯನ್ನು ಪೂರ್ತಿ ಬಿಡಿಸಬೇಡಿ. ಎಷ್ಟು ಅಂತ ಡಯಟಿಷಿಯನ್ ತೂಕ ನೋಡಿ ಹೇಳುತ್ತಾರೆ. ಡಯಾಲಿಸಿಸ್ ಶುರುವಾದರೆ ಪ್ರೋಟೀನ್ ಇನ್ನೂ ಜಾಸ್ತಿಯೇ ಬೇಕಾಗುತ್ತದೆ.

ತಂದೆಗೆ ಕೈಕಾಲಿನ ಬಲ ಹೋದ ಹಾಗಾದರೆ, ಎದೆಬಡಿತ ಏರುಪೇರಾದರೆ, ರಾತ್ರಿಯಾಗಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಸಿಜಿ ಮಾಡಿಸಿ.