ಎಲೆಕ್ಟ್ರಿಕ್ ರೋಡ್ ಸೈಕಲ್: ಯಾವ ಬಿಡಿಭಾಗಕ್ಕೆ ಹಣ ಹಾಕಬೇಕು?

ಐವತ್ತರ ಆಸುಪಾಸಿನ ಸವಾರರೊಬ್ಬರು ತಮ್ಮ ಎಲೆಕ್ಟ್ರಿಕ್ ರೋಡ್ ಸೈಕಲ್ಲಿಗೆ ಕಾರ್ಬನ್ ಚಕ್ರ, ಕಾರ್ಬನ್ ಹ್ಯಾಂಡಲ್ ಮತ್ತು ಹಗುರವಾದ ಸೀಟ್‌ಪೋಸ್ಟ್ ಹಾಕಿಸಲು ಪಟ್ಟಿ ಬರೆದುಕೊಂಡೇ ನನ್ನ ವರ್ಕ್‌ಶಾಪಿಗೆ ಬಂದಿದ್ದರು. ಇಷ್ಟನ್ನು ಬದಲಿಸಿದರೆ ಒಂದು ಕಿಲೊ ಭಾರ ಇಳಿದು ನಂದಿ ಬೆಟ್ಟ ಹತ್ತುವುದು ಸುಲಭವಾಗುತ್ತದೆ ಎಂದು ಅವರು ನಂಬಿದ್ದರು. ನಾನು ಅವರ ಎದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಒಂದು ಕಿಲೊ ಭಾರವನ್ನು 400 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾಗುವ ಶಕ್ತಿ ಸುಮಾರು 3,900 ಜೂಲ್. ಸವಾರರು 150 ವ್ಯಾಟ್, ಮೋಟಾರ್ 150 ವ್ಯಾಟ್ ಕೊಡುತ್ತಿದ್ದರೆ ಇಡೀ ಏರಿನಲ್ಲಿ ಉಳಿಯುವ ಸಮಯ 13 ಸೆಕೆಂಡು ಮಾತ್ರ. ಬ್ಯಾಟರಿಯ ಅಳತೆಗೆ ಪರಿವರ್ತಿಸಿದರೆ ಆ 3,900 ಜೂಲ್ ಒಂದು ವ್ಯಾಟ್-ಅವರ್‌ಗಿಂತ ತುಸು ಹೆಚ್ಚು. ಈ ಬಗೆಯ ಸೈಕಲ್ಲುಗಳ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 250ರಿಂದ 320 ವ್ಯಾಟ್-ಅವರ್ ಇರುತ್ತದೆ.

ಸಾಮಾನ್ಯ ರೋಡ್ ಸೈಕಲ್ಲಿಗೆ ಅನ್ವಯಿಸುವ ಬುದ್ಧಿಮಾತನ್ನು ಮೋಟಾರ್ ಇರುವ ಸೈಕಲ್ಲಿಗೆ ಹಾಗೆಯೇ ಅನ್ವಯಿಸಲಾಗದು ಎನ್ನುವುದಕ್ಕೆ ಕಾರಣ ಇಲ್ಲಿದೆ. ಏರಿನಲ್ಲಿ ಭಾರವನ್ನು ಹೊರಲು ಮೋಟಾರ್ ಜೊತೆಗಿರುತ್ತದೆ. ಆದರೆ ಯುರೋಪಿನ ನಿಯಮದಂತೆ ತಯಾರಾದ ಸೈಕಲ್ಲುಗಳಲ್ಲಿ ವೇಗ ಗಂಟೆಗೆ 25 ಕಿ.ಮೀ. ದಾಟಿದೊಡನೆ ಮೋಟಾರ್ ನೆರವು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ 13-14 ಕೆ.ಜಿ. ತೂಗುವ ಸೈಕಲ್ಲನ್ನು ಸವಾರನ ಕಾಲುಗಳೇ ಓಡಿಸಬೇಕು. ಸಮತಟ್ಟಾದ ರಸ್ತೆಯಲ್ಲಿ 28-30ರ ವೇಗದಲ್ಲಿ ಹೋಗುವವರಿಗೆ ಸವಾರಿಯ ಹೆಚ್ಚಿನ ಭಾಗ ಮೋಟಾರಿಲ್ಲದೆಯೇ ಸಾಗುತ್ತದೆ. ಆದ್ದರಿಂದ ಮೋಟಾರ್ ಸುಮ್ಮನಿರುವಾಗ ಯಾವ ಬಿಡಿಭಾಗ ನೆರವಾಗುತ್ತದೋ ಅದಕ್ಕೆ ಮೊದಲು ಹಣ ಹಾಕಬೇಕು.

ಅಂಥವುಗಳಲ್ಲಿ ಮೊದಲನೆಯದು ಟೈರ್. ಸವಾರ ಮತ್ತು ಸೈಕಲ್ ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳೋಣ. ಉರುಳುವಾಗಿನ ಪ್ರತಿರೋಧದ ಗುಣಾಂಕ 0.007 ಇರುವ ಒರಟು ಟೈರುಗಳು 30 ಕಿ.ಮೀ. ವೇಗದಲ್ಲಿ ಸುಮಾರು 51 ವ್ಯಾಟ್ ನುಂಗಿದರೆ, 0.004 ಇರುವ ಒಳ್ಳೆಯ ಟೈರುಗಳು ಸುಮಾರು 29 ವ್ಯಾಟ್ ನುಂಗುತ್ತವೆ. ಕಾಲಿಗೆ ಉಳಿಯುವ ಈ 22 ವ್ಯಾಟನ್ನು ಯಾವ ಕಾರ್ಬನ್ ಹ್ಯಾಂಡಲ್ಲೂ ಕೊಡಲಾರದು. ನಮ್ಮ ರಸ್ತೆಗಳಿಗೆ ನಾನು 30 ಅಥವಾ 32 ಮಿ.ಮೀ. ಅಗಲದ ಟೈರನ್ನು, ಫ್ರೇಮಿನೊಳಗೆ ಜಾಗವಿದ್ದರೆ ಮಾತ್ರ, ಸೂಚಿಸುತ್ತೇನೆ. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿಗಳಲ್ಲಿ ಕನಿಷ್ಠ 4 ಮಿ.ಮೀ. ಉಳಿಯಬೇಕು ಎಂಬುದು ನಾನು ಪಾಲಿಸುವ ಅಳತೆ. ಟೈರನ್ನು ಹಿಡಿದಿಡುವ ಕೊಕ್ಕೆ ಅಂಚಿನಲ್ಲಿ ಇಲ್ಲದ ರಿಮ್ ಆಗಿದ್ದರೆ ಗಾಳಿಯ ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಬಾರದು. ಹಿಂದಿನ ಚಕ್ರದಲ್ಲಿ ಹಬ್ ಮೋಟಾರ್ (ಚಕ್ರದ ನಡುಭಾಗದಲ್ಲೇ ಕೂರುವ ಮೋಟಾರ್) ಇದ್ದರೆ ಪಂಕ್ಚರ್ ನಿರೋಧಕ ಪದರವಿರುವ ಟೈರನ್ನೇ ಆರಿಸಬೇಕು, ಏಕೆಂದರೆ ಅಂಥ ಅನೇಕ ಚಕ್ರಗಳನ್ನು ಬಿಚ್ಚಲು ವೈರಿನ ಕನೆಕ್ಟರ್ ತೆಗೆದು, ಸ್ಪ್ಯಾನರ್ ಹಿಡಿದು ನಟ್ಟು ಸಡಿಲಿಸಬೇಕಾಗುತ್ತದೆ. ಮಳೆಯಲ್ಲಿ ರಸ್ತೆ ಬದಿಯಲ್ಲಿ ಈ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು.

ಇನ್ನು ಚೈನ್ ಮತ್ತು ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಜೋಡಣೆ. ಇಲ್ಲಿ ಮೋಟಾರ್ ಎಲ್ಲಿದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಹಿಂದಿನ ಹಬ್ಬಿನಲ್ಲಿರುವ ಮೋಟಾರ್ ನೇರವಾಗಿ ಚಕ್ರವನ್ನು ತಿರುಗಿಸುವುದರಿಂದ ಚೈನಿನ ಮೇಲೆ ಸವಾರನ ಬಲ ಮಾತ್ರ ಬೀಳುತ್ತದೆ. ಮೋಟಾರಿನ ಎಳೆತವನ್ನು ತಾಳುವವು ಸ್ಪೋಕುಗಳು. ಪೆಡಲ್ ಬಳಿ ಇರುವ ಮೋಟಾರ್ ಹಾಗಲ್ಲ. ಸವಾರನ ಬಲ, ಮೋಟಾರಿನ ಬಲ ಎರಡೂ ಅದೇ ತೆಳುವಾದ 11 ಅಥವಾ 12 ಸ್ಪೀಡಿನ (ಗೇರಿನ) ಚೈನಿನ ಮೂಲಕ ಹಾದುಹೋಗುತ್ತವೆ. ಅಂಥ ಸೈಕಲ್ಲಿನಲ್ಲಿ ದುಬಾರಿ, ಹಗುರ ಕ್ಯಾಸೆಟ್ ಹಾಕಿಸುವುದಕ್ಕಿಂತ ಉಕ್ಕಿನ ಹಲ್ಲುಗಳಿರುವ ಗಟ್ಟಿ ಕ್ಯಾಸೆಟ್ ಹಾಕಿಸಿ, ಚೈನ್ 0.5 ಶೇಕಡಾ ಹಿಗ್ಗಿದ ಕೂಡಲೇ ಬದಲಿಸುವುದು ಒಳ್ಳೆಯದು. ದೊಡ್ಡ ಏರಿಗಾಗಿ ದೊಡ್ಡ ಹಲ್ಲುಗಾಲಿಯಲ್ಲಿ 34 ಹಲ್ಲಿರುವ ಕ್ಯಾಸೆಟ್ ಬಯಸುವವರು ತಮ್ಮ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಅಷ್ಟನ್ನು ತಾಳುತ್ತದೆಯೇ ಎಂದು ಮೊದಲು ನೋಡಬೇಕು. ಉದಾಹರಣೆಗೆ, ಶಿಮಾನೊ 105 ಆರ್7000 ಸರಣಿಯ ಗಿಡ್ಡ ಪಂಜರದ (ಚೈನನ್ನು ಬಿಗಿಯಾಗಿಡುವ ಕೆಳತೋಳಿನ) ಡಿರೈಲರ್ 30 ಹಲ್ಲಿನವರೆಗೆ, ಉದ್ದ ಪಂಜರದ್ದು 34ರವರೆಗೆ ಹೋಗುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಚೌಕಾಸಿಗೆ ಒಪ್ಪುವುದಿಲ್ಲ. 90 ಕೆ.ಜಿ. ಭಾರ 400 ಮೀಟರ್ ಇಳಿದುಬರುವಾಗ ಸುಮಾರು 3.5 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಗಾಳಿಯ ಪ್ರತಿರೋಧ ಸ್ವಲ್ಪ ಪಾಲು ತೆಗೆದುಕೊಂಡರೂ, ತಿರುವುಗಳಿರುವ ಇಳಿಜಾರಿನಲ್ಲಿ ಉಳಿದದ್ದೆಲ್ಲ ಎರಡು ತೆಳು ಡಿಸ್ಕುಗಳಲ್ಲಿ ಬಿಸಿಯಾಗಿ ಸೇರುತ್ತದೆ. ಮುಂದಿನ ಡಿಸ್ಕನ್ನು 140ರಿಂದ 160 ಮಿ.ಮೀ.ಗೆ ಏರಿಸಲು ಫೋರ್ಕಿನ ತಯಾರಕರು ಅನುಮತಿಸಿದ್ದರೆ ಖಂಡಿತ ಏರಿಸಬೇಕು: ಅದೇ ಹಿಡಿತಕ್ಕೆ ತಡೆಯುವ ಬಲ ಸುಮಾರು 14 ಶೇಕಡಾ ಹೆಚ್ಚುತ್ತದೆ, ಬಿಸಿಯೂ ಹೆಚ್ಚು ಜಾಗಕ್ಕೆ ಹರಡುತ್ತದೆ. ಲೋಹದ ಬ್ರೇಕ್ ಪ್ಯಾಡ್ ಹಾಕಿಸುವ ಮುನ್ನ ಡಿಸ್ಕಿನ ಮೇಲಿನ ಬರಹ ಓದಿ. ರೆಸಿನ್ (ರಾಳದ, ಮೆದುವಾದ) ಪ್ಯಾಡಿಗೆ ಮಾತ್ರ ಎಂದು ಅಚ್ಚಾಗಿರುವ ಡಿಸ್ಕುಗಳನ್ನು ಲೋಹದ ಪ್ಯಾಡ್ ಬೇಗ ತಿಂದುಹಾಕುತ್ತದೆ. ಶಿಮಾನೊ ಡಿಸ್ಕಿನ ದಪ್ಪ 1.5 ಮಿ.ಮೀ.ಗೆ ಇಳಿದಿದ್ದರೆ ಮರುಯೋಚನೆಯಿಲ್ಲದೆ ಬದಲಿಸಬೇಕು.

ವೇಗದ ಮಿತಿಯನ್ನು ತಪ್ಪಿಸುವ ಚಿಪ್ ಹಾಕಿಕೊಡಿ ಎಂದು ಕೇಳುವವರೂ ಇದ್ದಾರೆ. ನಾನು ಆ ಕೆಲಸ ಮಾಡುವುದಿಲ್ಲ. ಭಾರತದ ಮೋಟಾರು ವಾಹನ ನಿಯಮಗಳು 250 ವ್ಯಾಟ್ ಮತ್ತು 25 ಕಿ.ಮೀ. ವೇಗದ ಮಿತಿಯೊಳಗಿನ ಬ್ಯಾಟರಿ ವಾಹನಕ್ಕೆ ಕೊಟ್ಟಿರುವ ವಿನಾಯಿತಿ, ಮಿತಿ ದಾಟಿದ ಮೇಲೆ ಉಳಿಯುವುದಿಲ್ಲ. ಅಪಘಾತವಾದರೆ ಸವಾರನ ಕೈಯಲ್ಲಿ ನೋಂದಣಿಯೂ ಇರುವುದಿಲ್ಲ, ವಿಮೆಯೂ ಇರುವುದಿಲ್ಲ.

ಪಟ್ಟಿ ತಂದಿದ್ದ ಆ ಸವಾರರು ಕೊನೆಗೆ ಎರಡು ಒಳ್ಳೆಯ ಟೈರ್, ಮುಂದಿನ 160ರ ಡಿಸ್ಕ್ ಮತ್ತು ಹೊಸ ಚೈನ್ ಹಾಕಿಸಿಕೊಂಡರು. ಟೈರ್ 28ರಿಂದ 32ಕ್ಕೆ ಏರಿದ್ದರಿಂದ ಚಕ್ರದ ಸುತ್ತಳತೆ ಸುಮಾರು 2,136ರಿಂದ 2,155 ಮಿ.ಮೀ. ಆಯಿತು, ವೇಗದ ಲೆಕ್ಕ ತಪ್ಪದಂತೆ ಅದನ್ನು ಮೋಟಾರಿನ ಸೆಟ್ಟಿಂಗಿನಲ್ಲಿ ನಮೂದಿಸಿ, ಸೈಕಲ್ಲನ್ನು ಒಂದು ಸುತ್ತು ಓಡಿಸಿ ನೋಡಿ ಅವರಿಗೆ ಒಪ್ಪಿಸಿದೆ.