ಹೆಡ್ ಬಿಗಿದ ಮೇಲೂ ಬೋರ್ ದುಂಡಗಿರಬೇಕು

ಕಳೆದ ತಿಂಗಳು ಇಬ್ಬರು ಹುಡುಗರು ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್ನಿನ ಹೆಡ್ ಒಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ವರ್ಕ್‌ಶಾಪಿಗೆ ಬಂದರು. ಶಿವಾಜಿನಗರದ ಗುಜರಿಯಲ್ಲಿ ಕೊಂಡದ್ದು. ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ, ವಾಲ್ವ್‌ಗಳಿರುವ ಭಾಗ. ಯಾರೋ ಕೈ ಗ್ರೈಂಡರ್ ಹಿಡಿದು ಅದರ ಇನ್‌ಟೇಕ್ ಪೋರ್ಟುಗಳನ್ನು (ಗಾಳಿ ಒಳಬರುವ ದಾರಿಗಳನ್ನು) ಗೋಡೆ ತೆಳುವಾಗುವಷ್ಟು ಕೊರೆದು, ಕನ್ನಡಿಯಂತೆ ಹೊಳಪು ಕೊಟ್ಟಿದ್ದರು. "ಸರ್, ಪೋರ್ಟಿಂಗ್ ಆಗಿರುವ ಹೆಡ್. ಇದನ್ನು ಕೂರಿಸಿದರೆ ಎಷ್ಟು ಪವರ್ ಹೆಚ್ಚುತ್ತದೆ?" ಎಂದು ಕೇಳಿದರು. "ನಿಮ್ಮ ಗಾಡಿ ಹೆಚ್ಚು ಹೊತ್ತು ಎಷ್ಟು ಆರ್‌ಪಿಎಂನಲ್ಲಿ ಓಡುತ್ತದೆ?" ಎಂದು ನಾನು ಕೇಳಿದೆ. ಅವರ ಆಸೆ ಮಣ್ಣಿನ ಆಟೋಕ್ರಾಸ್: ಹೆಜ್ಜೆಗೊಂದು ತಿರುವು, ಪ್ರತಿ ತಿರುವಿನ ನಂತರ ಮೂರು ಸಾವಿರದಿಂದ ಮತ್ತೆ ಎಳೆಯಬೇಕು. ಆ ಕೆಲಸಕ್ಕೆ ಕಂಪನಿಯ ಮೂಲ ಹೆಡ್ಡೇ ಇದಕ್ಕಿಂತ ಮೇಲು.

ಗಾಳಿಗೂ ತೂಕವಿದೆ. ಇಕ್ಕಟ್ಟಾದ ಪೋರ್ಟಿನಲ್ಲಿ ಅದು ವೇಗವಾಗಿ ಓಡುತ್ತದೆ. ಪಿಸ್ಟನ್ ತಳ ಮುಟ್ಟಿ ಮೇಲಕ್ಕೆ ಹೊರಟ ಮೇಲೂ, ವಾಲ್ವ್ ಮುಚ್ಚುವ ತನಕ, ಬಂದ ರಭಸದಲ್ಲೇ ಇನ್ನಷ್ಟು ಗಾಳಿ ಒಳಗೆ ತುಂಬಿಕೊಳ್ಳುತ್ತದೆ. ಪೋರ್ಟನ್ನು ಅಗಲಿಸಿದರೆ ಆ ರಭಸ ಸಾಯುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಮೇಲೇರುವ ಪಿಸ್ಟನ್ ಒಳಗೆ ಬಂದದ್ದನ್ನೇ ಹೊರಕ್ಕೆ ತಳ್ಳುತ್ತದೆ. ಏಳೂವರೆ ಸಾವಿರದಲ್ಲಿ ಏನೋ ಗಳಿಸಬಹುದು, ಆದರೆ ತಿರುವಿನಿಂದ ಹೊರಬರುವಾಗ ಬೇಕಾದ ಪಿಕಪ್ ಹೋಗಿರುತ್ತದೆ.

ಕೈಯಾಡಿಸಬೇಕಾದ ಜಾಗ ವಾಲ್ವ್ ಸೀಟು, ಅಂದರೆ ಮುಚ್ಚಿದ ವಾಲ್ವ್ ಕೂರುವ ಉಂಗುರ. ಲೆಕ್ಕ ಸರಳ. ವಾಲ್ವ್ ತನ್ನ ವ್ಯಾಸದ ಕಾಲು ಭಾಗದಷ್ಟು ಎದ್ದಾಗ, ಅದರ ಸುತ್ತ ತೆರೆದ ಜಾಗವೂ ವಾಲ್ವಿನ ಮುಖದ ವಿಸ್ತೀರ್ಣವೂ ಸಮವಾಗುತ್ತವೆ. 36 ಮಿಲಿಮೀಟರ್ ವಾಲ್ವಿಗೆ ಅದು 9 ಮಿಲಿಮೀಟರ್. ಅಲ್ಲಿಯವರೆಗೆ ಗಾಳಿಯನ್ನು ತಡೆಯುವುದು ಮುಖ್ಯವಾಗಿ ಸೀಟು ಮತ್ತು ಅದರ ಕೆಳಗಿನ ಗಂಟಲು. ವಾಲ್ವ್ ತೆರೆಯುವಾಗಲೊಮ್ಮೆ, ಮುಚ್ಚುವಾಗಲೊಮ್ಮೆ ಆ ಎತ್ತರಗಳನ್ನು ದಾಟುತ್ತದೆ. ಗರಿಷ್ಠ ಎತ್ತರ ತಲುಪುವುದು ಒಂದೇ ಸಲ. ಆದ್ದರಿಂದಲೇ ನಾನು ಮೊದಲು ಗೈಡ್‌ಗಳನ್ನು (ವಾಲ್ವಿನ ಕಡ್ಡಿ ಜಾರುವ ಕೊಳವೆಗಳನ್ನು) ಬದಲಾಯಿಸಿ, ಆ ಗೈಡ್‌ನ ನಡುಗೆರೆಗೆ ಸರಿಯಾಗಿ 30, 45, 60 ಡಿಗ್ರಿಯ ಮೂರು ಕೋನಗಳಲ್ಲಿ ಸೀಟು ಕತ್ತರಿಸುತ್ತೇನೆ. ಇಷ್ಟನ್ನೇ ಸರಿಯಾಗಿ ಮಾಡಿದರೂ ಹಳೆಯ ಹೆಡ್ ಚೆನ್ನಾಗಿ ಉಸಿರಾಡತೊಡಗುತ್ತದೆ. ಹೆಡ್ಡಿನಲ್ಲಿ ಎಷ್ಟು ಗಾಳಿ ಹರಿಯುತ್ತದೆಂದು ಅಳೆಯುವ ಫ್ಲೋ ಬೆಂಚಿನ ಅಂಕಿ ತೋರಿಸಿ ಹೆಡ್ ಮಾರಲು ಬಂದವರನ್ನು ಪ್ರತಿ ಮಿಲಿಮೀಟರ್ ಎತ್ತರದ ಅಂಕಿಯನ್ನೂ ಕೇಳಿ. ಗರಿಷ್ಠ ಅಂಕಿಯೊಂದನ್ನೇ ಹೇಳಿದರೆ ನಿಮಗೆ ಬೇಕಾದ ವಿಷಯ ಸಿಕ್ಕಿಲ್ಲ.

ಗುಜರಿಯ ಹೆಡ್ಡಿಗೆ ಇನ್ನೆರಡು ಪರೀಕ್ಷೆಗಳಿವೆ. ಎಂಜಿನ್ ಕಾದು ಕೆಟ್ಟ ಗಾಡಿಗಳಿಂದಲೇ ಎಷ್ಟೋ ಹೆಡ್‌ಗಳು ಅಲ್ಲಿಗೆ ಬರುತ್ತವೆ. ಅತಿಯಾಗಿ ಕಾದ ಅಲ್ಯುಮಿನಿಯಂ ಮೆದುವಾಗುತ್ತದೆ, ಬೋಲ್ಟ್ ಬಿಗಿದಂತೆಲ್ಲ ಕುಸಿಯುತ್ತದೆ. ಗಡಸುತನವನ್ನು ಅಳೆದೇ ಕೊಳ್ಳಬೇಕು. ಇನ್ನು ಹೆಡ್ ಬಾಗಿದ್ದರೆ ಕೆಳಮುಖವನ್ನು ಮಿಲ್ಲಿಂಗ್ ಮಾಡಿ ಸಮ ಮಾಡಬಹುದು, ಆದರೆ ಮೇಲೆ ಕ್ಯಾಮ್‌ಶಾಫ್ಟ್ ಕೂರುವ ಸಾಲು ಬಾಗಿಯೇ ಉಳಿಯುತ್ತದೆ. ಕ್ಯಾಮ್ ಇಟ್ಟು ಬೆರಳಲ್ಲಿ ತಿರುಗಿಸಿ ನೋಡಿ. ಹಿಡಿದುಕೊಂಡರೆ ಆ ಹೆಡ್ ಬೇಡ.

ಮಿಲ್ಲಿಂಗ್ ಎಂದರೆ ಕಂಪ್ರೆಷನ್ ಪ್ರಶ್ನೆಯೂ ಬಂತು: ಕೆಳಮುಖವನ್ನು ಕೊರೆದಷ್ಟೂ ದಹನ ಕೋಣೆ ಚಿಕ್ಕದಾಗಿ, ಒಳಗಿನ ಗಾಳಿ ಹೆಚ್ಚು ಒತ್ತಿಕೊಳ್ಳುತ್ತದೆ. ಈ ಎಂಜಿನ್ನಿನ ಒಂದು ಸಿಲಿಂಡರ್ 324.5 ಸಿಸಿ. ಅನುಪಾತವನ್ನು 9.5ರಿಂದ 10.5ಕ್ಕೆ ಏರಿಸಬೇಕಾದರೆ ದಹನ ಕೋಣೆಯಿಂದ ಸುಮಾರು 4 ಸಿಸಿ ತೆಗೆದರೆ ಸಾಕು. ಅಷ್ಟು ಸಣ್ಣ ಬದಲಾವಣೆ ಬೆಂಗಳೂರಿನಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಶೇ 10ರಷ್ಟು ಕಡಿಮೆ. ಇಲ್ಲಿ ಸದ್ದಿಲ್ಲದೆ ಓಡಿದ ಎಂಜಿನ್ ಶ್ರೀಪೆರಂಬದೂರಿನ ಹತ್ತಿರದ ರೇಸ್ ಟ್ರ್ಯಾಕಿಗೆ ಹೋದೊಡನೆ ಹೆಚ್ಚು ಗಾಳಿ ಕುಡಿಯುತ್ತದೆ. ಅಲ್ಲಿನ ಬಿಸಿಲೂ ಸೇರಿ ನಾಕಿಂಗ್, ಅಂದರೆ ಇಂಧನ ತಾನಾಗಿಯೇ ಸಿಡಿದು ಬಡಿಯುವುದು, ಶುರುವಾಗುತ್ತದೆ. ಪಿಸ್ಟನ್ನಿನ ರಿಂಗ್ ಅಂಚು ಒಡೆದುಕೊಂಡು ಬಂದ ಎಂಜಿನ್‌ಗಳನ್ನು ನಾನು ಬಿಚ್ಚಿದ್ದೇನೆ. ಚೆನ್ನೈಗೆ ಹೋಗುವ ಎಂಜಿನ್ನಿನ ಕಂಪ್ರೆಷನ್ನನ್ನು ಚೆನ್ನೈಯ ಗಾಳಿಗೆ ನಿರ್ಧರಿಸಬೇಕು.

ಈಗ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಎರಕ. ಉರಿಯುವ ಕ್ಷಣದಲ್ಲಿ ಒತ್ತಡ 80 ಬಾರ್ ಎಂದಿಟ್ಟುಕೊಂಡರೂ, 74 ಮಿಲಿಮೀಟರ್ ಬೋರಿನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರಿನ ಕೊಳವೆಯಲ್ಲಿ) ಅದು ಮೂರೂವರೆ ಟನ್ ಭಾರ. ಹೆಡ್ಡನ್ನು ಮೇಲಕ್ಕೆ, ಕ್ರ್ಯಾಂಕನ್ನು ಕೆಳಕ್ಕೆ ತಳ್ಳುವ ಆ ಭಾರವನ್ನು ಬ್ಲಾಕ್ ನಡುವೆ ನಿಂತು ಹಿಡಿದಿರಬೇಕು. ಬಲಪಡಿಸುವುದೆಂದರೆ ಕೂಡಲೇ ಸ್ಲೀವ್ (ಬೋರಿನೊಳಗೆ ಕೂರಿಸುವ ಕೊಳವೆ), ಸ್ಟಡ್ (ಬೋಲ್ಟಿನ ಬದಲು ಹಾಕುವ ಗಟ್ಟಿ ಸರಳು) ಕೊಳ್ಳುವುದೆಂದು ಅನೇಕರು ತಿಳಿದಿದ್ದಾರೆ. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಬೋರಿನ ಆಕಾರ.

ಕೆಲವು ವರ್ಷಗಳ ಹಿಂದೆ ಹಳೆಯ ಹೋಂಡಾ ಸಿಟಿಯ 1.5 ಲೀಟರ್ ಎಂಜಿನ್ ಒಂದನ್ನು ಕಟ್ಟಿದೆ. ಹೊರಗಿನ ಒಂದು ಅಂಗಡಿಯಲ್ಲಿ ಬೋರಿಂಗ್ ಮಾಡಿಸಿದ್ದೆ. ಬೋರ್ ಗೇಜ್ ಹಾಕಿ ನೋಡಿದರೆ ಎಲ್ಲವೂ ಐದು ಮೈಕ್ರಾನ್ ಒಳಗೆ ದುಂಡಗಿದ್ದವು. ಆದರೂ ಎಂಜಿನ್ ಆಯಿಲ್ ಕುಡಿಯಿತು, ನೀಲಿ ಹೊಗೆ ಬಿಟ್ಟಿತು. ಎರಡು ಸಲ ಬಿಚ್ಚಿದೆ, ಏನೂ ಸಿಗಲಿಲ್ಲ. ಮೂರನೆಯ ಸಲ ಪಿಸ್ಟನ್, ಕ್ರ್ಯಾಂಕ್ ತೆಗೆದಿಟ್ಟು, ಖಾಲಿ ಬ್ಲಾಕಿಗೆ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಮಗುಚಿ, ಕೆಳಗಿನಿಂದ ಗೇಜ್ ತೂರಿಸಿದೆ. ಬೋರುಗಳ ಮೇಲ್ಭಾಗ ಮೂವತ್ತು ಮೈಕ್ರಾನಿಗೂ ಹೆಚ್ಚು ಅಂಡಾಕಾರವಾಗಿತ್ತು. ಬೋಲ್ಟುಗಳು ಎಳೆದ ಕಡೆಗೆ ಗೋಡೆ ಸರಿದಿತ್ತು. ನಾವು ಅಳೆದದ್ದು ಬಿಡಿ ಬ್ಲಾಕನ್ನು. ಗೋಡೆಯ ಆಯಿಲ್ ಒರೆಸಬೇಕಾದ ಪಿಸ್ಟನ್ನಿನ ರಿಂಗುಗಳು ಓಡಿದ್ದು ಬಿಗಿದ ಬ್ಲಾಕಿನಲ್ಲಿ.

ಟಾರ್ಕ್ ಪ್ಲೇಟ್ ಇರುವುದು ಇದಕ್ಕಾಗಿಯೇ. ಹೆಡ್ಡಿನ ಜಾಗದಲ್ಲಿ ದಪ್ಪನೆಯ ಉಕ್ಕಿನ ಹಲಗೆ, ಬೋರುಗಳ ಮೇಲೆ ದೊಡ್ಡ ತೂತುಗಳು. ಅದೇ ಗ್ಯಾಸ್ಕೆಟ್, ಅದೇ ಬೋಲ್ಟು, ಅದೇ ಟಾರ್ಕ್‌ನಲ್ಲಿ ಬಿಗಿದು, ಆ ಒತ್ತಡದಲ್ಲಿಯೇ ಹೋನಿಂಗ್ (ಸಾಣೆಕಲ್ಲಿನಿಂದ ಬೋರನ್ನು ಕೊನೆಯ ಅಳತೆಗೆ ಉಜ್ಜುವುದು) ಮಾಡಬೇಕು. ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ನನ್ನ ಮೊದಲ ಪ್ಲೇಟನ್ನು 50 ಮಿಲಿಮೀಟರ್ ದಪ್ಪಕ್ಕೆ ಮಾಡಿಸಿದೆ. ಬೋಲ್ಟ್ ಬಿಟ್ಟು ಸ್ಟಡ್ ಹಾಕುವವರಿದ್ದರೆ ಹೋನಿಂಗ್ ವೇಳೆಗೂ ಆ ಸ್ಟಡ್‌ಗಳೇ ಇರಬೇಕು, ಏಕೆಂದರೆ ಎಳೆತ ಬದಲಾದರೆ ಆಕಾರವೂ ಬದಲಾಗುತ್ತದೆ. ಕ್ರ್ಯಾಂಕನ್ನು ಹಿಡಿದಿರುವ ಮೇನ್ ಬೇರಿಂಗ್ ಕ್ಯಾಪಿನ ಸ್ಟಡ್‌ಗಳಿಗೂ ಇದೇ ಮಾತು; ಹಾಕಿದ ಮೇಲೆ ಲೈನ್ ಹೋನಿಂಗ್ (ಕ್ರ್ಯಾಂಕ್ ಕೂರುವ ಸಾಲನ್ನು ನೇರವಾಗಿ ಉಜ್ಜುವುದು) ಮಾಡಿಸಲೇಬೇಕು.

ಆ ಹೋಂಡಾ ಬ್ಲಾಕ್ ಓಪನ್ ಡೆಕ್. ಬೋಸಿಯ ನೀರಿನಲ್ಲಿ ನಿಲ್ಲಿಸಿದ ಲೋಟಗಳಂತೆ ಸಿಲಿಂಡರುಗಳ ಮೇಲ್ತುದಿ ಆಸರೆಯಿಲ್ಲದೆ ನಿಂತಿರುತ್ತದೆ. ಟರ್ಬೊ ಇಲ್ಲದಿದ್ದರೆ ಚಿಂತೆಯಿಲ್ಲ. ಟರ್ಬೊ ಹಾಕಿ ದೊಡ್ಡ ಬೂಸ್ಟ್ (ಗಾಳಿಯ ಒತ್ತಡ) ಕೊಟ್ಟರೆ ಲೋಟಗಳು ಅಲುಗಾಡಿ ಗ್ಯಾಸ್ಕೆಟ್ ಹೋಗುತ್ತದೆ. ಆಗ ಅಂಚು ಇರುವ ಸ್ಲೀವ್‌ಗಳನ್ನು ಹಾಕಿಸಬೇಕು. ಸಿಲಿಂಡರುಗಳ ಸುತ್ತಲಿನ ನೀರಿನ ಜಾಗಕ್ಕೆ ಬಿಲ್ಲೆಯಂತೆ ತುರುಕುವ ಬ್ಲಾಕ್ ಗಾರ್ಡನ್ನು ನಾನು ಹಾಕುವುದಿಲ್ಲ. ಅದು ಎಲ್ಲಿ ಹೆಚ್ಚು ಬಿಸಿಯೋ ಅಲ್ಲೇ ನೀರಿಗೆ ಅಡ್ಡ ನಿಲ್ಲುತ್ತದೆ. ನೀರಿನ ಜಾಗಕ್ಕೆ ಗ್ರೌಟ್ (ಸಿಮೆಂಟಿನಂಥ ಗಾರೆ) ತುಂಬುವುದು ಡ್ರ್ಯಾಗ್ ಗಾಡಿಗೆ ಸರಿ, ಉಳಿದವಕ್ಕೆ ಬೇಡ. ಓವರ್‌ಸೈಜ್ ಬೋರಿಂಗ್‌ಗೆ ಮೊದಲು ಅಲ್ಟ್ರಾಸೋನಿಕ್ ಮೀಟರ್‌ನಲ್ಲಿ ಗೋಡೆಯ ದಪ್ಪ ನೋಡಿಸಿ. ಎರಕದ ವೇಳೆ ಒಳ ಅಚ್ಚು ಸರಿದಿದ್ದರೆ ಒಂದು ಬದಿ ತೆಳುವಾಗಿರುತ್ತದೆ.

ಇದೆಲ್ಲ ಟ್ರ್ಯಾಕಿನ ಗಾಡಿಯ ಮಾತು. ರಸ್ತೆಯ ಗಾಡಿಯನ್ನು ಆರ್‌ಸಿಯಲ್ಲಿರುವ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸಲು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಬಿಡುವುದಿಲ್ಲ.

ಹುಡುಗರು ತಂದ ಹೆಡ್ ಗಡಸುತನದ ಪರೀಕ್ಷೆಯಲ್ಲಿಯೇ ಸೋತಿತು. ಯಾರೂ ಕೈ ಹಚ್ಚದ ಇನ್ನೊಂದನ್ನು ಹುಡುಕಿ ತಂದರು. ಗೈಡ್, ಸೀಟು ಮುಗಿದಿವೆ. ಅವರ ಬ್ಲಾಕ್ ಈಗ ಪ್ಲೇಟ್ ಬಿಗಿದುಕೊಂಡು ನನ್ನ ಬೆಂಚಿನ ಮೇಲಿದೆ. ಹತ್ತು ಡಿಗ್ರಿ ಬಿಸಿ ಏರಿದರೆ 74 ಮಿಲಿಮೀಟರ್ ಬೋರ್ ಹತ್ತು ಮೈಕ್ರಾನಿನಷ್ಟು ಹಿಗ್ಗುತ್ತದೆ. ಹಾಗಾಗಿ ಕೊನೆಯ ಹೋನಿಂಗನ್ನು ನಾಳೆ ಬೆಳಿಗ್ಗೆ, ಶೆಡ್ಡಿನ ತಗಡು ಕಾಯುವ ಮೊದಲೇ ಮಾಡುತ್ತೇನೆ.