ಕರಾರಿಗೂ ಕ್ರಯಪತ್ರಕ್ಕೂ ನಡುವೆ

ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಂಡವರು ಆಸ್ತಿ ಅರ್ಧ ತಮ್ಮದಾಯಿತೆಂದೇ ಎಣಿಸುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಹಾಗೆ ಹೇಳುವುದಿಲ್ಲ. ಬರೀ ಕರಾರಿನಿಂದ ಆಸ್ತಿಯ ಮೇಲೆ ಯಾವ ಹಕ್ಕೂ ಹುಟ್ಟದು. ಸಿಗುವುದು ಮಾರುವವರಿಂದ ಶುದ್ಧ ಕ್ರಯಪತ್ರ ಬರೆಸಿಕೊಳ್ಳುವ ಹಕ್ಕು ಮಾತ್ರ. ಅವರು ಒಲ್ಲೆನೆಂದರೆ ಹೂಡುವುದೇ ವಕೀಲರು ‘ಸ್ಪೆಸಿಫಿಕ್ ಪರ್ಫಾರ್ಮೆನ್ಸ್’ ಎನ್ನುವ, ಕರಾರಿನಂತೆ ನಡೆಸಿಕೊಡಿಸುವ ದಾವೆ.

ಇದರ ಬೇರು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದಲ್ಲಿದೆ. ಉಳಿದ ಕೋರ್ಟುಗಳು ಮಾತು ತಪ್ಪಿದವರಿಂದ ಹಣವನ್ನಷ್ಟೇ ಕೊಡಿಸುತ್ತಿದ್ದಾಗ, ಒಂದು ಜಮೀನಿನಂಥದ್ದು ಇನ್ನೊಂದಿಲ್ಲ ಎಂದು ಚಾನ್ಸರಿ ಜಮೀನನ್ನೇ ಕೊಡಿಸುತ್ತಿತ್ತು. ಕೊಡಿಸುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. 1877ರ ಕಾಯ್ದೆಯೊಂದಿಗೆ ಇದು ಇಲ್ಲಿಗೂ ಬಂತು. ಅದರ ಜಾಗಕ್ಕೆ ಬಂದ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ 20ನೇ ಕಲಮಿನಲ್ಲಿ ಆ ವಿವೇಚನೆಯನ್ನು ಉಳಿಸಿಕೊಂಡಿತು.

ಆದರೆ ದಾವೆಗಳು ಹೆಚ್ಚಾಗಿ ಮುಗ್ಗರಿಸುವುದು ಅದೇ ಕಾಯ್ದೆಯ 16(ಸಿ) ಕಲಮಿನಲ್ಲಿ. ಕರಾರಿನ ದಿನದಿಂದ ವಿಚಾರಣೆಯವರೆಗೂ ವಾದಿ ತನ್ನ ಪಾಲಿನ ಕೆಲಸಕ್ಕೆ ಸಿದ್ಧನೂ ಇಚ್ಛೆಯುಳ್ಳವನೂ ಆಗಿರಬೇಕೆಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1928ರಲ್ಲೇ ಹೇಳಿತ್ತು. ಸಿದ್ಧತೆ ಎಂದರೆ ಹಣದ ತಾಕತ್ತು, ಇಚ್ಛೆ ಎಂದರೆ ನಡತೆ. ಎರಡನ್ನೂ ಬೇರೆಬೇರೆಯಾಗಿ ರುಜುವಾತು ಮಾಡಬೇಕು. ಕೋರ್ಟು ಕೇಳುವ ತನಕ ಬಾಕಿ ಹಣ ಕಟ್ಟಬೇಕಿಲ್ಲ, ನಿಜ. ಹಣ ಇತ್ತೆಂದು ತೋರಿಸಲೇಬೇಕು: ಪಾಸ್‌ಬುಕ್, ಠೇವಣಿ ರಸೀದಿ, ಸಾಲ ಮಂಜೂರಾತಿ ಪತ್ರ. ಗಡುವಿನುದ್ದಕ್ಕೂ ಖಾಲಿಯಿದ್ದ ಖಾತೆಯನ್ನು ದಾವೆ ಹೂಡುವ ವಾರ ತುಂಬಿಸಿದರೆ ಪಾಟೀ ಸವಾಲಿನಲ್ಲಿ ಅದು ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಎರಡನೆಯ ತೊಡಕು ಕಾಲದ್ದು. ಕಾಲಮಿತಿ ಕಾಯ್ದೆಯ 54ನೇ ವಿಧಿ ಮೂರು ವರ್ಷ ಕೊಡುತ್ತದೆ: ಕರಾರಿನಲ್ಲಿ ದಿನಾಂಕ ಗೊತ್ತು ಮಾಡಿದ್ದರೆ ಅಂದಿನಿಂದ, ಇಲ್ಲವಾದರೆ ನಿರಾಕರಣೆ ವಾದಿಗೆ ತಿಳಿದಂದಿನಿಂದ. ಸ್ಥಿರಾಸ್ತಿಯಲ್ಲಿ ಗಡುವೇ ಕರಾರಿನ ಜೀವಾಳವಲ್ಲ ಎಂಬುದು ಹಳೆಯ ನಿಯಮ. ಅದನ್ನು ನಂಬಿ ಮೂರನೆಯ ವರ್ಷದವರೆಗೆ ಕಾಯುವುದು ಅಪಾಯ. 1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮಧುರೈಯ ಪ್ರಕರಣದಲ್ಲಿ ಬೆಲೆ 60,000 ರೂಪಾಯಿ, ಮುಂಗಡ 5,000, ಗಡುವು ಆರು ತಿಂಗಳು. ಕೊಳ್ಳುವವರು ಎರಡೂವರೆ ವರ್ಷ ಸುಮ್ಮನಿದ್ದರು, ಬೆಲೆ ಏರಿತು, ಮನೆ ಕೈತಪ್ಪಿತು. ಆ ಹಳೆಯ ನಿಯಮವನ್ನೇ ಮರುಚಿಂತಿಸಬೇಕೆಂದು ಅದೇ ಕೋರ್ಟ್ 2011ರಲ್ಲಿ ಹೇಳಿತು.

2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿರ್ದಿಷ್ಟ ಪರಿಹಾರ ಕಾಯ್ದೆಯ ತಿದ್ದುಪಡಿ ವಿವೇಚನೆಯ ಕಲಮನ್ನೇ ತೆಗೆಯಿತು. ಕೊಳ್ಳುವವರ ಕೆಲಸ ಹಗುರಾಯಿತೆಂದು ಆಗ ಹಲವರು ಬರೆದರು. ಅಷ್ಟೇನೂ ಆಗಿಲ್ಲ. ಸಿದ್ಧತೆಯನ್ನು ವಾದಪತ್ರದಲ್ಲಿ ಹೇಳಿಕೊಳ್ಳಬೇಕೆಂಬ ಮಾತು ಹೋಯಿತು, ರುಜುವಾತು ಮಾಡುವ ಹೊಣೆ ಹಾಗೇ ಉಳಿಯಿತು.

ಕರ್ನಾಟಕದಲ್ಲಿ ಇನ್ನೊಂದು ಕೊಕ್ಕೆಯಿದೆ. ನೋಂದಣಿಯಾಗದ ಕರಾರೂ ಈ ದಾವೆಯಲ್ಲಿ ಸಾಕ್ಷ್ಯವಾಗುತ್ತದೆ. ಆದರೆ ಅದರಲ್ಲಿ ‘ಸ್ವಾಧೀನ ಕೊಟ್ಟಿದೆ’ ಎಂಬ ಒಂದು ಸಾಲಿದ್ದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತೆರಬೇಕು. ಕಡಿಮೆ ಛಾಪಾದ ಕಾಗದ ಕೋರ್ಟಿಗೆ ಬಂದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟುವ ತನಕ ಅದನ್ನು ಸಾಕ್ಷ್ಯವಾಗಿ ಗುರುತು ಹಾಕುವುದಿಲ್ಲ. ಪತ್ರ ಬರಹಗಾರರು ರೂಢಿಯಂತೆ ಸೇರಿಸುವ ಸಾಲದು.

ಮಾರುವವರು ನಡುವೆ ಮೂರನೆಯವರಿಗೆ ಮಾರಿದ್ದರೆ ಅವರನ್ನೂ ಪ್ರತಿವಾದಿ ಮಾಡಬೇಕು. ಕರಾರಿನ ವಿಷಯ ತಿಳಿಯದೆ, ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರಿಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 19(ಬಿ) ಕಲಂ ರಕ್ಷಣೆ ಕೊಡುತ್ತದೆ. ಉಳಿದವರು ಮೂಲ ಮಾಲೀಕರ ಜೊತೆಗೆ ಕ್ರಯಪತ್ರಕ್ಕೆ ಸಹಿ ಹಾಕಬೇಕೆಂಬುದು 1953ರಲ್ಲೇ ಇತ್ಯರ್ಥವಾಗಿದೆ. ದಾವೆ ಸೋತರೆ ಮುಂಗಡವಾದರೂ ವಾಪಸು ಬೇಕೆಂದು 22ನೇ ಕಲಮಿನಡಿ ಕೇಳಿಕೊಂಡಿರಬೇಕು. ಕೇಳದಿದ್ದರೆ ಕೋರ್ಟು ತಾನಾಗಿ ಕೊಡಿಸುವುದಿಲ್ಲ.

ಡಿಕ್ರಿಯಾದ ಮೇಲೂ ಹಣದ ಪ್ರಶ್ನೆ ಬಿಡದು. ಹೇಳಿದ ಅವಧಿಯಲ್ಲಿ ಬಾಕಿ ಕಟ್ಟದಿದ್ದರೆ 28ನೇ ಕಲಮಿನಡಿ ಕರಾರನ್ನೇ ರದ್ದು ಮಾಡೆಂದು ಮಾರುವವರು ಅರ್ಜಿ ಹಾಕಬಹುದು. ಬಾಕಿ ಕಟ್ಟಿದ ಮೇಲೂ ಮಾರುವವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಾರದಿದ್ದರೆ ಅಮಲ್ಜಾರಿಯಲ್ಲಿ, ಅಂದರೆ ಡಿಕ್ರಿ ಜಾರಿ ಮಾಡಿಸುವ ಅರ್ಜಿಯಲ್ಲಿ, ಕರಡು ಕ್ರಯಪತ್ರ ಹಾಜರುಪಡಿಸಬೇಕು. ಅವರ ಪರವಾಗಿ ಕೋರ್ಟೇ ಸಹಿ ಹಾಕಿಸುತ್ತದೆ.